ದೊಡ್ಡ ಕ್ಯಾಮೆರಾಕ್ಕೆ ಹಳೆಯ ಮರದ ಸ್ಟ್ಯಾಂಡ್: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದ ಆಸುಪಾಸಿನಲ್ಲಿ ಕರಿಬಟ್ಟೆ ಹೊದ್ದು ನಿಂತ ನನ್ನನ್ನು ಕಂಡವರು ಮೊದಲು ಕೇಳುವುದು ಕ್ಯಾಮೆರಾದ ಬಗ್ಗೆಯಲ್ಲ, ಅದರ ಕೆಳಗಿರುವ ಮೂರು ಕಾಲಿನ ಬಗ್ಗೆ. "ಸರ್ವೇಗೆ ಬಂದಿದ್ದೀರಾ, ರಸ್ತೆ ಅಗಲವಾಗುತ್ತದೆಯೇ?" ಎಂದು ಕೇಳಿದವರನ್ನು ಬಿಟ್ಟು ಉಳಿದವರ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವು ಎದುರಿಗೆ ಕೇಳಿದವು, ಕೆಲವು ಪತ್ರದಲ್ಲಿ ಬಂದವು. ಟ್ರೈಪಾಡ್ ಅನ್ನು ಸ್ಟ್ಯಾಂಡ್ ಎಂದೇ ಬರೆಯುತ್ತೇನೆ, ಹಳೆಯ ಸ್ಟುಡಿಯೋದವರು ಹಾಗೆಯೇ ಕರೆಯುತ್ತಿದ್ದರು. ಮುಕ್ಕಾಲಿ ಎಂಬ ಚಂದದ ಪದವಿದೆ ನಿಜ, ಆದರೆ ಹಾಗೆಂದರೆ ಜನ ಕೂರಲು ಬರುತ್ತಾರೆ.

## ಮೊದಲ ಅನುಮಾನಗಳು

ಕಾರ್ಬನ್ ಫೈಬರ್ ಬಂದಿರುವ ಕಾಲದಲ್ಲಿ ಈ ಮರದ ಕಾಲುಗಳನ್ನು ಏಕೆ ಹೊರುತ್ತೀರಿ?

ಒಂದು ಸ್ಟೀಲ್ ಲೋಟಕ್ಕೆ ಅಂಚಿನವರೆಗೆ ನೀರು ತುಂಬಿ ಸ್ಟ್ಯಾಂಡಿನ ತಲೆಯ ಮೇಲಿಡಿ. ಒಂದು ಕಾಲನ್ನು ಬೆರಳಿನಿಂದ ತಟ್ಟಿ. ತೆಳು ಅಲ್ಯೂಮಿನಿಯಂ ಸ್ಟ್ಯಾಂಡಾದರೆ ನೀರಿನ ಮೇಲೆ ಉಂಗುರಗಳು ಏಳುತ್ತಲೇ ಇರುತ್ತವೆ. ಒಳ್ಳೆಯ ಮರದ್ದಾದರೆ ಒಮ್ಮೆ ನಡುಗಿ ಸುಮ್ಮನಾಗುತ್ತದೆ. ಲೋಹ ಗಂಟೆಯ ಜಾತಿಗೆ ಸೇರಿದ್ದು, ತಟ್ಟಿದರೆ ಹಾಡುತ್ತದೆ. ಮರದ ನಾರು ಆ ಕಂಪನವನ್ನು ತನ್ನೊಳಗೇ ನುಂಗಿಕೊಳ್ಳುತ್ತದೆ.

ಕಾರ್ಬನ್ ಫೈಬರ್ ಕೂಡ ಈ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ, ಹಗುರವೂ ಹೌದು. ಬೆಟ್ಟ ಹತ್ತುವುದೇ ನಿಮ್ಮ ನಿತ್ಯದ ಕೆಲಸವಾದರೆ ಹಣ ಕೂಡಿಸಿ ಅದನ್ನೇ ಕೊಳ್ಳಿ, ನನಗೇನೂ ಬೇಸರವಿಲ್ಲ. ಆದರೆ ಅದರ ಕೊಳವೆ ಸೀಳಿದರೆ ಹಾಸನದಲ್ಲಿ ಸರಿ ಮಾಡುವವರಿಲ್ಲ. ಮರದ ಕಾಲು ಮುರಿದರೆ ನಮ್ಮ ಬೀದಿಯ ಆಚಾರರು ಒಂದು ಮಧ್ಯಾಹ್ನದಲ್ಲಿ ಹೊಸದು ಕೂರಿಸಿಕೊಡುತ್ತಾರೆ.

ನನ್ನ ಕ್ಯಾಮೆರಾಕ್ಕೆ ಎಷ್ಟು ಗಟ್ಟಿಯಾದದ್ದು ಬೇಕು?

ಕ್ಯಾಮೆರಾವನ್ನು ಬರಿದಾಗಿ ತೂಗಬೇಡಿ. ನಿಮ್ಮಲ್ಲಿರುವ ಅತಿ ಭಾರದ ಲೆನ್ಸ್ ಹಾಕಿ, ಫಿಲ್ಮ್ ಹೋಲ್ಡರ್ (ಫಿಲ್ಮ್ ಹಾಳೆ ಇಡುವ ಚಪ್ಪಟೆ ಪೆಟ್ಟಿಗೆ) ತೂರಿಸಿ, ಸ್ಟ್ಯಾಂಡಿಗೆ ತಲೆ ಬೇರೆ ಇದ್ದರೆ ಅದನ್ನೂ ಸೇರಿಸಿ ತೂಗಿ. ಅದರ ಎರಡರಷ್ಟನ್ನು ಅಳುಕದೆ ಹೊರುವಂಥದ್ದು ಬೇಕು. 4×5 ಇಂಚಿನ ಫಿಲ್ಮ್ ಹಾಳೆ ಹಿಡಿಯುವ, ಮಡಚುವ ಮರದ ಕ್ಯಾಮೆರಾಕ್ಕೆ ಹಳೆಯ ಸ್ಟುಡಿಯೋ ಸ್ಟ್ಯಾಂಡುಗಳಲ್ಲಿ ಬಹುತೇಕ ಎಲ್ಲವೂ ಸಾಕು. 8×10 ಇಂಚಿನದು ಬೇರೆಯೇ ಪ್ರಾಣಿ. ಡಿಯರ್‌ಡಾರ್ಫ್‌ನಂಥ ಮರದ ಕ್ಯಾಮೆರಾ ಒಂದೇ ಐದೂವರೆ ಕೆ.ಜಿ.ಯ ಆಸುಪಾಸಿನಲ್ಲಿದೆ. ಅದಕ್ಕಿಂತ ಮುಖ್ಯವಾಗಿ, ಬೆಲ್ಲೋಸ್ (ಲೆನ್ಸಿಗೂ ಫಿಲ್ಮಿಗೂ ನಡುವಿನ ಮಡಿಕೆ ಚೀಲ) ಪೂರ್ತಿ ಎಳೆದಾಗ ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ಸ್ಟ್ಯಾಂಡ್ ಸೋಲುವುದು ತೂಕಕ್ಕಲ್ಲ, ಈ ವಾಲಿಕೆಗೆ.

ಸರ್ವೇಯವರ ಹಳೆಯ ಸ್ಟ್ಯಾಂಡ್ ಗುಜರಿಯಲ್ಲಿ ಕಂಡೆ. ಅದು ಆಗುತ್ತದೆಯೇ?

ಆಗುತ್ತದೆ ಎಂದಷ್ಟೇ ಹೇಳಿದರೆ ಸಾಲದು, ನನ್ನ ಮಟ್ಟಿಗೆ ಅಗ್ಗದಲ್ಲಿ ಸಿಗುವ ಅತ್ಯುತ್ತಮ ಸ್ಟ್ಯಾಂಡ್ ಅದೇ. ಡಂಪಿ ಲೆವೆಲ್, ಥಿಯೊಡೊಲೈಟ್‌ನಂಥ ಸರ್ವೇ ಉಪಕರಣ ಹೊರಲು ಮಾಡಿದ ಕಾಲುಗಳು ತಿರುಚುವುದಿಲ್ಲ. ತಿರುಚಿದರೆ ಅಳತೆಯೇ ತಪ್ಪುತ್ತದಲ್ಲ. ತುದಿಯಲ್ಲಿ ಕಬ್ಬಿಣದ ಮೊನೆ, ಪಕ್ಕದಲ್ಲಿ ಕಾಲಿನಿಂದ ತುಳಿದು ಮಣ್ಣಿಗಿಳಿಸಲು ಒಂದು ಕಿವಿ.

ತೊಂದರೆ ಮೂರು. ಈಚಿನ ಸರ್ವೇ ಸ್ಟ್ಯಾಂಡುಗಳ ಸ್ಕ್ರೂ 5/8 ಇಂಚಿನದು, ಇಂಚಿಗೆ 11 ಥ್ರೆಡ್. ಕ್ಯಾಮೆರಾದ್ದು 3/8 ಅಥವಾ 1/4. ನಡುವೆ ಹಾಕುವ ಹಿತ್ತಾಳೆಯ ಅಡಾಪ್ಟರ್ ಲೇಸರ್ ಲೆವೆಲ್ ಮಾರುವವರ ಬಳಿ ಸಿಗುತ್ತದೆ, ಲೇತ್ ಅಂಗಡಿಯಲ್ಲಿ ಮಾಡಿಸಿಯೂ ಕೊಳ್ಳಬಹುದು. ಎರಡನೆಯದು, ತೀರಾ ಹಳೆಯವುಗಳಲ್ಲಿ ಸ್ಕ್ರೂ ಇರುವುದೇ ಇಲ್ಲ. ತಲೆಯೇ ಒಂದು ದೊಡ್ಡ ಥ್ರೆಡ್ ಇರುವ ಹಿತ್ತಾಳೆಯ ಬಿಲ್ಲೆ, ಉಪಕರಣವನ್ನೇ ಅದರ ಮೇಲೆ ತಿರುಗಿಸಿ ಕೂರಿಸುತ್ತಿದ್ದರು. ಅಂಥದ್ದಕ್ಕೆ ಮರದ ದಪ್ಪ ಬಿಲ್ಲೆಯೊಂದನ್ನು ಕಡೆಸಿ ಮೇಲೆ ಕೂರಿಸಬೇಕು. ಮೂರನೆಯದು, ಕೆಲವದರ ಕಾಲು ಉದ್ದ ಕುಗ್ಗುವುದಿಲ್ಲ, ಇಡೀ ಚೌಕಟ್ಟು ಒಂದೇ ತುಂಡು. ಸಮತಟ್ಟಿನಲ್ಲಿ ಅದರಷ್ಟು ಗಟ್ಟಿ ಬೇರೊಂದಿಲ್ಲ, ಮೆಟ್ಟಿಲ ಮೇಲೆ ಅದರಷ್ಟು ನಿರುಪಯುಕ್ತ ಬೇರೊಂದಿಲ್ಲ. ಶ್ರವಣಬೆಳಗೊಳದ ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಿನಲ್ಲಿ, ಅಂಥದ್ದೊಂದನ್ನು ಹೆಗಲಿಗೇರಿಸಿಕೊಂಡು ಹತ್ತುವ ಯೋಚನೆ ಯಾರಿಗಾದರೂ ಇದ್ದರೆ ಬಿಟ್ಟುಬಿಡಿ.

ಅಲಂಕಾರದ ವಸ್ತುಗಳ ಅಂಗಡಿಯಲ್ಲಿ ತೇಗ, ಹಿತ್ತಾಳೆಯ ಹೊಳೆಯುವ ಸ್ಟ್ಯಾಂಡ್ ಇದೆ, ಕೊಳ್ಳಲೇ?

ದೀಪ ಇಡಲು ಕೊಳ್ಳಿ. ಅದು ಅದಕ್ಕೆಂದೇ ಮಾಡಿದ್ದು.

ಹಳೆಯ ಸ್ಟ್ಯಾಂಡನ್ನು ಎಲ್ಲಿ ಹುಡುಕುವುದು?

ಮುಚ್ಚಿದ ಸ್ಟುಡಿಯೋಗಳಲ್ಲಿ. ಹಾಸನ, ಅರಸೀಕೆರೆ, ಕಡೂರು, ಚಿಕ್ಕಮಗಳೂರಿನಂಥ ಊರುಗಳಲ್ಲಿ ಮದುವೆ ಗುಂಪಿನ ಚಿತ್ರವನ್ನು ಹಾಫ್ ಪ್ಲೇಟ್ ಎಂಬ ಹಳೆಯ ಅಳತೆಯಲ್ಲಿ ತೆಗೆಯುತ್ತಿದ್ದವರ ಮಕ್ಕಳು ಈಗ ಜೆರಾಕ್ಸ್ ಅಂಗಡಿ ಇಟ್ಟಿದ್ದಾರೆ. ಕ್ಯಾಮೆರಾ ಷೋಕೇಸಿನಲ್ಲಿರುತ್ತದೆ, ಕೊಡುವುದಿಲ್ಲ. ಸ್ಟ್ಯಾಂಡ್ ಮಾತ್ರ ಅಟ್ಟದ ಮೇಲೆ ಸೌದೆಯ ಜೊತೆ ಬಿದ್ದಿರುತ್ತದೆ. ಕಾಫಿ ತೋಟದ ಹಳೆಯ ಮನೆಗಳ ಸಾಮಾನು ವಿಲೇವಾರಿಯಾಗುವಾಗಲೂ ಒಂದು ಕಣ್ಣಿಟ್ಟಿರಿ.

## ಕೊಳ್ಳುವ ಮೊದಲು

ಸ್ಟ್ಯಾಂಡ್ ಕೈಗೆ ಸಿಕ್ಕಿದ ಕೂಡಲೇ ಮೊದಲು ಏನು ನೋಡಬೇಕು?

ಎಲ್ಲರೂ ಮರ ನೋಡುತ್ತಾರೆ. ನಾನು ಕೀಲು ನೋಡುತ್ತೇನೆ. ಹಳೆಯ ಸ್ಟ್ಯಾಂಡಿನಲ್ಲಿ ಮರ ಕೈಕೊಡುವುದು ಅಪರೂಪ. ಕೈಕೊಡುವುದು ಮರ ಲೋಹಕ್ಕೆ ಸೇರುವ ಜಾಗ.

ನಾನು ಕೊಂಡ ಮೊದಲ ಸ್ಟ್ಯಾಂಡಿನ ಕಥೆ ಹೇಳುತ್ತೇನೆ. ಅಟ್ಟದಿಂದ ಇಳಿಸಿ, ಜೇಡರ ಬಲೆ ಒರೆಸಿ, ಅಂಗಳದಲ್ಲಿ ನಿಲ್ಲಿಸಿದಾಗ ಅದು ರಾಜನ ಹಾಗಿತ್ತು. ಕಂದು ಮೆರುಗು, ಹಿತ್ತಾಳೆಯ ರೆಕ್ಕೆ ನಟ್ಟುಗಳು, ಒಂದು ಬಿರುಕೂ ಇಲ್ಲ. ಕೇಳಿದಷ್ಟು ಕೊಟ್ಟು ತಂದೆ. ಮನೆಗೆ ಬಂದು ಎರಡೂ ಕೈಯಲ್ಲಿ ತಲೆಯನ್ನು ಹಿಡಿದು ಬಾವಿಯ ರಾಟೆ ತಿರುಗಿಸುವಂತೆ ಮೆಲ್ಲಗೆ ತಿರುಗಿಸಿದರೆ, ಕಾಲುಗಳು ಏಳುವ ಮೊದಲೇ ತಲೆ ಬೆರಳಗಲ ತಿರುಗಿತು. ತಲೆಯ ಕಿವಿಯಲ್ಲಿದ್ದ ತೂತುಗಳು ವರ್ಷಾನುಗಟ್ಟಲೆ ಸವೆದು ಮೊಟ್ಟೆಯಾಕಾರವಾಗಿದ್ದವು. ಒಂದು ಕಡೆಯಂತೂ ಯಾರೋ ಸೈಕಲ್ ಟ್ಯೂಬಿನ ತುಂಡು ತುರುಕಿ ಬಿಗಿ ಮಾಡಿದ್ದರು.

ಆದ್ದರಿಂದ ಈ ಪರೀಕ್ಷೆಯನ್ನು ಮಾರುವವರ ಅಂಗಳದಲ್ಲೇ ಮಾಡಿ. ಕಾಲುಗಳನ್ನು ಪೂರ್ತಿ ಎಳೆದು, ನಟ್ಟುಗಳನ್ನು ಕೈಯಿಂದಷ್ಟೇ ಬಿಗಿದು, ತಲೆ ತಿರುಚಿ. ಚೂರು ಬಳುಕಿ ಬಿಟ್ಟೊಡನೆ ಮೊದಲಿನ ಜಾಗಕ್ಕೆ ಮರಳಿದರೆ ಅದು ಮರದ ಸ್ಥಿತಿಸ್ಥಾಪಕತೆ, ಚಿಂತೆಯಿಲ್ಲ. ಸಡಿಲವಾಗಿ ತಿರುಗಿ ಅಲ್ಲೇ ನಿಂತರೆ ಕೀಲು ಸವೆದಿದೆ ಎಂದರ್ಥ. ಸವೆದ ತೂತನ್ನು ಲೇತಿನವರು ಹಿಗ್ಗಿಸಿ ಬುಷ್ (ಒಳಗೆ ಕೂರುವ ಲೋಹದ ಕೊಳವೆ) ಹಾಕಿಕೊಡುತ್ತಾರೆ, ಹಾಗಾಗಿ ಬಿಟ್ಟು ಬರಬೇಕಾಗಿಲ್ಲ, ಬೆಲೆಯಲ್ಲಿ ಇಳಿಸಿದರೆ ಸಾಕು. ಬಿಟ್ಟು ಬರಬೇಕಾದದ್ದು ಎರಕದ ತಲೆಯಲ್ಲಿ ಬಿರುಕಿದ್ದರೆ. ಉಗುರನ್ನು ಆಡಿಸಿ ನೋಡಿ, ಕಣ್ಣಿಗೆ ಕಾಣದ ಬಿರುಕು ಉಗುರಿಗೆ ಸಿಗುತ್ತದೆ.

ಆಮೇಲೆ ಬಿಗಿಯುವ ನಟ್ಟುಗಳು. ಕಾಲನ್ನು ಅರ್ಧ ಎಳೆದು ಬಿಗಿದು, ತಲೆಯ ಮೇಲೆ ಮೈಭಾರವನ್ನು ಸ್ವಲ್ಪ ಬಿಡಿ. ಜಾರಿದರೆ ಒಳಗಿನ ಮರ ಎಣ್ಣೆ ಕುಡಿದು ನುಣುಪಾಗಿರಬೇಕು, ಇಲ್ಲವೇ ಥ್ರೆಡ್ ಹೋಗಿರಬೇಕು. ಮೊದಲನೆಯದಕ್ಕೆ ತೆಳು ಚರ್ಮದ ಪಟ್ಟಿ ಅಂಟಿಸಿದರೆ ಸಾಕು.

ಬೀಟೆ ಮರದ್ದು, ಅದಕ್ಕೇ ಇಷ್ಟು ಬೆಲೆ ಎಂದರು. ನಿಜವೇ?

ನನಗೆ ಬೀಟೆಯ ಸ್ಟ್ಯಾಂಡ್ ಇನ್ನೂ ಕಂಡಿಲ್ಲ. ಬೀಟೆ ಎಂದು ತೋರಿಸಿದವು ಬಹಳ ಕಂಡಿವೆ. ಬೀಟೆ ಘನ ಮೀಟರಿಗೆ ಸುಮಾರು 850 ಕೆ.ಜಿ. ತೂಗುವ ಮರ, ತೇಗ ಸುಮಾರು 650. ಹೊತ್ತು ತಿರುಗಬೇಕಾದ ವಸ್ತುವಿಗೆ ಯಾವ ಬಡಗಿಯೂ ಅದನ್ನು ಆರಿಸುವುದಿಲ್ಲ. ವಿಲಾಯಿತಿಯ ಸ್ಟ್ಯಾಂಡುಗಳು ಹೆಚ್ಚಾಗಿ ಆಶ್ ಅಥವಾ ಬೀಚ್ ಮರದವು. ಆಶ್ ತಿಳಿಬಣ್ಣದ್ದು, ಗೆರೆಗಳು ಎದ್ದು ಕಾಣುತ್ತವೆ. ಬೀಚ್ ಮರದಲ್ಲಿ ಎಳ್ಳು ಚೆಲ್ಲಿದಂಥ ಸಣ್ಣ ಚುಕ್ಕೆಗೆರೆಗಳು. ನಮ್ಮ ಕಡೆ ಮಾಡಿದವು ಸಾಮಾನ್ಯವಾಗಿ ತೇಗ. ಅಡಿಯಲ್ಲಿ ಕಾಣದ ಜಾಗವನ್ನು ಉಗುರಿನಿಂದ ಕೆರೆದು ಮೂಸಿದರೆ ತೇಗದ ಎಣ್ಣೆ ವಾಸನೆ ಗೊತ್ತಾಗಿಬಿಡುತ್ತದೆ.

ಮರದ ಹೆಸರಿಗಿಂತ ನಾರಿನ ದಿಕ್ಕು ಮುಖ್ಯ. ಗೆರೆಗಳು ಕಾಲಿನುದ್ದಕ್ಕೂ ನೇರವಾಗಿ ಓಡಬೇಕು. ಓರೆಯಾಗಿ ಬಂದು ಅಂಚಿನಲ್ಲಿ ಮುಗಿದರೆ ಆ ಕಾಲು ಮುಂದೊಂದು ದಿನ ಅಲ್ಲೇ ಸೀಳುತ್ತದೆ.

ಕಾಲಿನ ತುಂಬ ಗುಂಡುಸೂಜಿಯಂಥ ತೂತುಗಳಿವೆ. ಕುಟ್ಟೆ ಹಿಡಿದಿದೆಯೇ?

ಹಿಡಿದಿತ್ತು, ಅದರಲ್ಲಿ ಅನುಮಾನವಿಲ್ಲ. ಈಗಲೂ ಇದೆಯೇ ಎಂಬುದು ಪ್ರಶ್ನೆ. ಕಪ್ಪು ಕಾಗದದ ಮೇಲೆ ಕಾಲನ್ನು ತಟ್ಟಿ, ಬಿದ್ದ ಹುಡಿ ಕೊಡವಿ, ಅದೇ ಕಾಗದದ ಮೇಲೆ ಒಂದು ವಾರ ಮಲಗಿಸಿ. ಮತ್ತೆ ಹುಡಿ ಬಿದ್ದಿದ್ದರೆ ಹುಳು ಜೀವಂತ. ಸಿರಿಂಜಿನಿಂದ ತೂತುಗಳಿಗೆ ಹುಳುವಿನ ಔಷಧಿ ಬಿಟ್ಟು, ಮೇಣದಿಂದ ಮುಚ್ಚಿ. ಅಲ್ಲಿಯವರೆಗೆ ಮನೆಯ ಉಳಿದ ಪೀಠೋಪಕರಣದಿಂದ ದೂರವಿಡಿ. ಕುಟ್ಟೆಗೆ ಪ್ರಿಯವಾದದ್ದು ಬೆಳ್ಳಗಿನ ಹೊರಮರ, ತೇಗದ ಕೆಚ್ಚನ್ನು ಅದು ಸಾಮಾನ್ಯವಾಗಿ ಮುಟ್ಟುವುದಿಲ್ಲ. ದಬ್ಬಣ ಚುಚ್ಚಿದರೆ ರಸ್ಕಿನ ಹಾಗೆ ಒಳಕ್ಕಿಳಿದರೆ ಮಾತ್ರ ಆ ಕಾಲನ್ನು ಬದಲಿಸಿ.

ಕಾಲು ಮೂರೂ ಬಿಡಿಬಿಡಿಯಾಗಿ ಸಿಕ್ಕಿವೆ, ತಲೆಯೇ ಇಲ್ಲ. ಕಳೆದುಹೋಗಿದೆಯೇ?

ಬಹುಶಃ ಇರಲೇ ಇಲ್ಲ. ಇಂಗ್ಲೆಂಡಿನ ಹಳೆಯ ಫೀಲ್ಡ್ ಕ್ಯಾಮೆರಾಗಳ ತಳದಲ್ಲಿ ಹಿತ್ತಾಳೆಯ ದೊಡ್ಡ ಬಳೆಯೊಂದು ಇರುತ್ತಿತ್ತು. ಪ್ರತಿ ಕಾಲಿನ ಮೇಲ್ತುದಿ ಎರಡು ಕವಲಾಗಿ, ಒಂದೊಂದರಲ್ಲೂ ಒಂದು ತೂತೋ ಮೊಳೆಯೋ ಇರುತ್ತಿತ್ತು. ಕವಲನ್ನು ಹಿಗ್ಗಲಿಸಿ ಬಳೆಯ ಕೀಲಿಗೆ ಸಿಕ್ಕಿಸಿದರೆ ಕಾಲು ನೇರವಾಗಿ ಕ್ಯಾಮೆರಾಕ್ಕೇ ಕೂರುತ್ತದೆ, ಕ್ಯಾಮೆರಾ ಆ ಬಳೆಯ ಮೇಲೆ ತಿರುಗುತ್ತದೆ. ಆ ಮಾದರಿಯ ಜಾಡಿನಲ್ಲೇ ಹುಟ್ಟಿದವು ನಮ್ಮ ಕಡೆಯ ಸ್ಟುಡಿಯೋಗಳಿಗೆ ಬಂದ ಕ್ಯಾಮೆರಾಗಳೂ. ಆಲಪ್ಪುಳದಲ್ಲಿ ತೇಗ, ಹಿತ್ತಾಳೆಯಿಂದ ಮಾಡುತ್ತಿದ್ದ ವಾಗೀಶ್ವರಿ ಕ್ಯಾಮೆರಾ ಇನ್ನೂ ಕೆಲವು ಹಿರಿಯರ ನೆನಪಿನಲ್ಲಿದೆ.

ನಿಮ್ಮ ಕ್ಯಾಮೆರಾದಲ್ಲಿ ಬಳೆಯಿದ್ದರೆ ಅದರ ಕೀಲುಗಳ ನಡುವಿನ ಅಳತೆಯನ್ನು ಕಾಗದದ ಮೇಲೆ ಗೀಚಿಕೊಂಡು ಹೋಗಿ. ಒಂದು ಕಂಪನಿಯ ಕಾಲು ಇನ್ನೊಂದರ ಬಳೆಗೆ ಕೂರುತ್ತದೆಂಬ ಭರವಸೆಯಿಲ್ಲ. ಕ್ಯಾಮೆರಾ ಈಗಿನದಾದರೆ ಲೇತಿನವರಿಂದ ದಪ್ಪ ಅಲ್ಯೂಮಿನಿಯಂ ಬಿಲ್ಲೆ ಕಡೆಸಿ, ಸುತ್ತ ಆರು ಕೀಲು, ನಡುವೆ ಒಂದು ಸ್ಕ್ರೂ ಹಾಕಿಸಿ. ಬೇಲೂರಿನಲ್ಲಿ ಕಲ್ಲಿನ ಕಂಬಗಳನ್ನೇ ಕಡೆದ ನೆಲ ಇದು, ಒಂದು ಬಿಲ್ಲೆ ಯಾವ ಲೆಕ್ಕ.

ಹೆಸರುವಾಸಿ ಕಂಪನಿಗಳು ಯಾವುವು?

ಅಮೆರಿಕದ ರೈಸ್, ಜರ್ಮನಿಯ ಬೆರ್ಲೆಬಾಕ್, ವರ್ಮಾಂಟಿನಲ್ಲಿ ಫ್ರೆಡ್ ಪಿಕರ್ ನಡೆಸುತ್ತಿದ್ದ ಝೋನ್ ಸಿಕ್ಸ್. ಬೆರ್ಲೆಬಾಕ್ 1898ರಿಂದಲೂ ಇದೆ, ಈಗಲೂ ಆಶ್ ಮರದಲ್ಲಿ ಮಾಡುತ್ತದೆ, ಹಾಗಾಗಿ ಬಿಡಿಭಾಗದ ಚಿಂತೆ ಕಡಿಮೆ. ಕ್ಯಾಮೆರಾಕ್ಕೆ ಹೆಸರಾದ ಥಾರ್ನ್‌ಟನ್ ಪಿಕಾರ್ಡ್‌ನ ಹಳೆಯ ಸಾಮಾನೂ ಒಮ್ಮೊಮ್ಮೆ ಕಣ್ಣಿಗೆ ಬೀಳುತ್ತದೆ. ಇವು ಸಿಕ್ಕರೆ ಸಂತೋಷ. ಆದರೆ ಹೆಸರಿನ ತಗಡಿಗೆ ಹಣ ಕೊಡುವ ಮೊದಲು ತಲೆ ತಿರುಚಿ ನೋಡುವುದನ್ನು ಮರೆಯಬೇಡಿ, ಕೀಲಿಗೆ ಓದಲು ಬರುವುದಿಲ್ಲ.

## ಕ್ಯಾಮೆರಾಕ್ಕೆ ಹೊಂದಿಸುವುದು

ಸ್ಕ್ರೂ ಹೊಂದುತ್ತಿಲ್ಲ. ಹಾರ್ಡ್‌ವೇರ್ ಅಂಗಡಿಯಿಂದ ಬೋಲ್ಟ್ ತಂದು ಹಾಕಬಹುದೇ?

ಇಲ್ಲೇ ಹೆಚ್ಚು ಕ್ಯಾಮೆರಾಗಳು ಹಾಳಾಗುವುದು. ಕ್ಯಾಮೆರಾ ಸ್ಕ್ರೂ ಎರಡು ಅಳತೆಯಲ್ಲಿವೆ: 1/4 ಇಂಚು, ಇಂಚಿಗೆ 20 ಥ್ರೆಡ್, 3/8 ಇಂಚು, ಇಂಚಿಗೆ 16 ಥ್ರೆಡ್. ಅಂಗಡಿಯವರು ಕೊಡುವ 6 ಎಂ.ಎಂ. ಬೋಲ್ಟ್ 1/4 ಇಂಚಿಗಿಂತ ಕೂದಲೆಳೆಯಷ್ಟು ಸಣ್ಣದು, ಹಾಗಾಗಿ ಮೊದಲ ಒಂದೆರಡು ಸುತ್ತು ಸಲೀಸಾಗಿ ಹೋಗುತ್ತದೆ. ಆಮೇಲೆ ಬಿಗಿಯುತ್ತದೆ. ಸರಿಯಾಗಿ ಕೂರುತ್ತಿದೆ ಎಂದುಕೊಂಡು ನೀವು ಇನ್ನೊಂದು ಸುತ್ತು ಹಾಕುತ್ತೀರಿ, ಹಿತ್ತಾಳೆಯ ಥ್ರೆಡ್ ಅಲ್ಲಿಗೆ ಮುಗಿಯಿತು. "ಕಾಲಿಂಚು, ವಿಟ್‌ವರ್ತ್" ಎಂದು ಕೇಳಿ. ಅದು ಇಂಗ್ಲೆಂಡಿನ ಹಳೆಯ ಥ್ರೆಡ್ ಅಳತೆ, ಹಳೆಯ ಲೇತಿನವರಿಗೆ ಆ ಹೆಸರು ಗೊತ್ತಿರುತ್ತದೆ.

ಬೋಲ್ಟಿನ ಉದ್ದವನ್ನೂ ನೋಡಿ. ತೂತಿನ ಆಳಕ್ಕಿಂತ ಉದ್ದವಾದರೆ ಅದು ಕ್ಯಾಮೆರಾದ ತಳವನ್ನು ಸೀಳಿಕೊಂಡು ಬೆಲ್ಲೋಸಿಗೇ ತಾಗುತ್ತದೆ. ಬೆಂಕಿಕಡ್ಡಿ ಇಳಿಸಿ ಆಳ ಅಳೆಯಿರಿ. 4×5ಕ್ಕಿಂತ ದೊಡ್ಡದಕ್ಕೆ ನಾನು 3/8 ಬಿಟ್ಟು ಬೇರೆ ಬಳಸುವುದಿಲ್ಲ.

ಸ್ಟ್ಯಾಂಡಿನ ಮೇಲೆ ಬಾಲ್ ಹೆಡ್ ಹಾಕಲೇ?

ಬೇಡ. ಅಷ್ಟು ಅಗಲದ ಮರದ ತಲೆಯ ಮೇಲೆ ನಿಂಬೆಗಾತ್ರದ ಗುಂಡು ಕೂರಿಸಿ, ಅದರ ಮೇಲೆ ಐದು ಕೆ.ಜಿ. ನಿಲ್ಲಿಸುವುದು ಆನೆಯನ್ನು ಮಣೆಯ ಮೇಲೆ ಕೂರಿಸಿದಂತೆ. ಗುಂಡು ಸಡಿಲಿಸಿದ ಕ್ಷಣ ಕ್ಯಾಮೆರಾ ಮುಗ್ಗರಿಸುತ್ತದೆ. ಹಿಂದುಮುಂದು ಒಂದು, ಎಡಬಲ ಒಂದು ಎಂದು ಬೇರೆ ಬೇರೆ ಬಿಗಿಯುವ ಅಗಲವಾದ ತಲೆ ಒಳ್ಳೆಯದು. ಸಮತಟ್ಟಿನ ಕೆಲಸವಾದರೆ ಯಾವ ತಲೆಯೂ ಬೇಡ, ಕಾಲಿನ ಉದ್ದ ಸರಿಮಾಡಿಯೇ ಮಟ್ಟ ತರಬಹುದು. ಎರಡು ವಾರ ಸಿಟ್ಟು ಬರುತ್ತದೆ, ಆಮೇಲೆ ಕೈಗೆ ಹತ್ತುತ್ತದೆ.

ಎತ್ತರ ಎಷ್ಟಿರಬೇಕು?

ನಡುವಿನ ಕಂಬ ಎತ್ತದೆಯೇ ಗ್ರೌಂಡ್ ಗ್ಲಾಸಿನ (ಹಿಂದೆ ಚಿತ್ರ ಮೂಡುವ ಮಬ್ಬು ಗಾಜಿನ) ಮಧ್ಯಭಾಗ ನಿಮ್ಮ ಕಣ್ಣಿನ ಮಟ್ಟಕ್ಕೆ ಬರಬೇಕು. ಹಳೆಯ ಸ್ಟ್ಯಾಂಡುಗಳಲ್ಲಿ ಆ ಕಂಬ ಸಾಮಾನ್ಯವಾಗಿ ಇರುವುದೇ ಇಲ್ಲ. ಅದು ಕೊರತೆಯಲ್ಲ, ಪುಣ್ಯ.

## ಹೊರಗೆ ಒಯ್ದ ಮೇಲೆ

ಬೇಲೂರು, ಹಳೇಬೀಡಿನಲ್ಲಿ ಸ್ಟ್ಯಾಂಡ್ ನಿಲ್ಲಿಸಲು ಬಿಡುತ್ತಾರೆಯೇ?

ಕೇಳದೆ ನಿಲ್ಲಿಸಿದರೆ ಇಲ್ಲ. ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ಸ್ಟ್ಯಾಂಡ್ ಬಳಸಲು ಮೊದಲೇ ಅನುಮತಿ ಬೇಕು. ಪತ್ರ ಕೈಯಲ್ಲಿ ಹಿಡಿದು ಹೋಗಿ, ಬಾಗಿಲಲ್ಲಿ ವಾದ ಮಾಡಬೇಡಿ.

ಅನುಮತಿ ಸಿಕ್ಕವರಿಗೆ ಒಂದು ಮಾತು: ಹೊಯ್ಸಳರು ಕೆತ್ತಿದ್ದು ಬಳಪದ ಕಲ್ಲಿನಲ್ಲಿ. ಅಂಥ ಮೆದು ಕಲ್ಲಾದ್ದರಿಂದಲೇ ಆ ಬಳ್ಳಿ, ಸರ, ಜಾಲಂದ್ರಗಳೆಲ್ಲ ಸಾಧ್ಯವಾದವು. ಕಬ್ಬಿಣದ ಮೊನೆ ಅದರ ಮೇಲೆ ಗೀರು ಹಾಕದೆ ಬಿಡುವುದಿಲ್ಲ. ಮೊನೆಗೆ ರಬ್ಬರ್ ಬಿರಡೆ ತೊಡಿಸಿ. ಅಷ್ಟೇ ಸಾಲದು, ಎಷ್ಟೋ ಹಳೆಯ ಸ್ಟ್ಯಾಂಡುಗಳಲ್ಲಿ ಕಾಲು ಇಷ್ಟೇ ಅಗಲಬೇಕೆಂಬ ತಡೆಯಿಲ್ಲ. ನುಣುಪು ನೆಲದಲ್ಲಿ ಮೂರೂ ಕಾಲು ಮೆಲ್ಲಗೆ ಜಾರುತ್ತಾ ಹೋಗಿ ಕ್ಯಾಮೆರಾ ನಮಸ್ಕಾರ ಹಾಕಿಬಿಡುತ್ತದೆ. ಮೂರು ಕಾಲಿಗೂ ತ್ರಿಕೋನವಾಗಿ ಹಗ್ಗ ಕಟ್ಟಿ. ನಾನು ಒಯ್ಯುವುದು ತೆಂಗಿನ ನಾರಿನ ದಪ್ಪ ಚಾಪೆ, ಅರಸೀಕೆರೆಯ ಸಂತೆಯಲ್ಲಿ ಕೊಂಡದ್ದು. ಅದರ ಮೇಲೆ ನಿಲ್ಲಿಸಿದರೆ ಕಾಲು ಕದಲುವುದಿಲ್ಲ, ಕಲ್ಲಿಗೂ ತಾಗುವುದಿಲ್ಲ. ನವರಂಗದ ಕತ್ತಲೆಯಲ್ಲಿ ಲೆನ್ಸಿನ ಕಿಂಡಿಯನ್ನು ಎಫ್ 32ಕ್ಕೆ ಕಿರಿದು ಮಾಡಿ ಹಲವು ನಿಮಿಷ ಶಟರ್ ತೆರೆದಿಡಬೇಕಾಗುವಾಗ ಈ ಚಾಪೆಯ ಬೆಲೆ ತಿಳಿಯುತ್ತದೆ.

ಮಳೆಗಾಲದಲ್ಲಿ ಕಾಲು ಸಿಕ್ಕಿಕೊಂಡು ಎಳೆದರೂ ಬರುವುದಿಲ್ಲ. ಉಜ್ಜಿ ತೆಳು ಮಾಡಲೇ?

ಖಂಡಿತ ಬೇಡ. ಸಕಲೇಶಪುರ, ಮೂಡಿಗೆರೆಯ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾಗಿಲು ಕಿಟಕಿಗಳೂ ಉಬ್ಬಿ ಹಟ ಹಿಡಿಯುತ್ತವೆ, ಸ್ಟ್ಯಾಂಡ್ ಏನು ಮಾಡೀತು? ಆಗ ಉಜ್ಜಿದರೆ ಮಾರ್ಚಿನಲ್ಲಿ ಅದೇ ಕಾಲು ಲೊಡಲೊಡ ಎನ್ನುತ್ತದೆ. ಜಾರುವ ಭಾಗಕ್ಕೆ ಮೇಣದ ಬತ್ತಿ ತಿಕ್ಕಿ, ಬಿಗಿಯುವ ಜಾಗಕ್ಕೆ ತಾಗದಂತೆ. ಒಲೆಯ ಮೇಲೆ ಒಣಗಿಸಬೇಡಿ, ಗಾಳಿಯಾಡುವ ಕಡೆ ನಿಲ್ಲಿಸಿ. ಬೇಸಿಗೆಯಲ್ಲಿ ಮರ ಕುಗ್ಗಿ ಸ್ಕ್ರೂಗಳು ಸಡಿಲವಾಗುತ್ತವೆ, ಯುಗಾದಿಯ ಹೊತ್ತಿಗೆ ಒಂದು ಸುತ್ತು ಎಲ್ಲವನ್ನೂ ಬಿಗಿದುಕೊಳ್ಳಿ.

ಹಳೆಯ ವಾರ್ನಿಷ್ ಕೆರೆದು ಹೊಸದರಂತೆ ಮಾಡಬಹುದೇ?

ಮಾಡಬಹುದು, ನಾನು ಮಾಡುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಕುದಿಸಿದ ಅಗಸೆ ಎಣ್ಣೆಯನ್ನು ತೆಳುವಾಗಿ ಹಚ್ಚಿ, ಕಾಲು ಗಂಟೆ ಬಿಟ್ಟು ಉಳಿದದ್ದನ್ನು ಒರೆಸಿ ತೆಗೆಯುತ್ತೇನೆ. ಹಿತ್ತಾಳೆಗೆ ಹುಣಸೆಹಣ್ಣು ಸಾಕು, ಆದರೆ ಮರಕ್ಕೆ ಸೋಕದಂತೆ, ಥ್ರೆಡ್ಡಿನಲ್ಲಿ ಉಳಿಯದಂತೆ ತೊಳೆಯಬೇಕು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೇಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗೆ ಆ ಬಿಸಿ ಕೂಡಿಕೊಂಡು ತಾನಾಗಿ ಹೊತ್ತಿಕೊಳ್ಳಬಹುದು. ಹರವಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಅದ್ದಿ.

ಮುಳ್ಳಯ್ಯನಗಿರಿಯ ಗಾಳಿಗೆ ಯಾವ ಸ್ಟ್ಯಾಂಡ್ ತಡೆಯುತ್ತದೆ?

1,930 ಮೀಟರ್ ಎತ್ತರದ ಆ ಬೋಳು ನೆತ್ತಿಯಲ್ಲಿ ಗಾಳಿಗೆ ಸಿಗುವುದು ಸ್ಟ್ಯಾಂಡ್ ಅಲ್ಲ, ಬೆಲ್ಲೋಸ್. ಅದು ದೋಣಿಯ ಹಾಯಿಯಂತೆ ತುಂಬಿಕೊಳ್ಳುತ್ತದೆ. ಕಾಲುಗಳನ್ನು ಎಳೆಯದೆ ಕುಳ್ಳಗೆ ನಿಲ್ಲಿಸಿ, ಒಂದು ಕಾಲನ್ನು ಗಾಳಿ ಹೋಗುವ ದಿಕ್ಕಿಗೆ ಇಟ್ಟು, ಮಂಡಿಯೂರಿ ಚಿತ್ರ ತೆಗೆಯಿರಿ. ಕಲ್ಲು ತುಂಬಿದ ಚೀಲ ಕಟ್ಟುವುದಾದರೆ ಅದರ ತಳ ನೆಲಕ್ಕೆ ತಾಗಿರಲಿ. ತೂಗಾಡುವ ಚೀಲ ಸ್ಟ್ಯಾಂಡನ್ನೂ ತೊಟ್ಟಿಲು ಮಾಡುತ್ತದೆ.

ಎಲ್ಲ ಸರಿಯಿದ್ದರೂ ಚಿತ್ರ ಮಸುಕಾಗುತ್ತಿದೆ. ತಪ್ಪು ಸ್ಟ್ಯಾಂಡಿನದೋ ಕ್ಯಾಮೆರಾದ್ದೋ?

ಮಕ್ಕಳ ಆಟದ ಲೇಸರ್ ಟಾರ್ಚನ್ನು ರಬ್ಬರ್ ಬ್ಯಾಂಡಿನಿಂದ ಕ್ಯಾಮೆರಾದ ಮುಂಭಾಗಕ್ಕೆ ಕಟ್ಟಿ, ಹತ್ತು ಮೀಟರ್ ದೂರದ ಗೋಡೆಗೆ ಬೆಳಕು ಬಿಡಿ. ಈಗ ಹೋಲ್ಡರ್ ತೂರಿಸಿ, ಶಟರ್ ಒತ್ತಿ, ಚುಕ್ಕೆ ಏನು ಮಾಡುತ್ತದೆ ನೋಡಿ. ಹೋಲ್ಡರ್ ಹಾಕಿದಾಗ ಚುಕ್ಕೆ ಸರಿದು ಹಾಗೆಯೇ ಉಳಿದರೆ ಎಲ್ಲೋ ಒಂದು ಬಿಗಿತ ಸಾಲದು. ಟಾರ್ಚನ್ನು ಸ್ಟ್ಯಾಂಡಿನ ತಲೆಗೇ ಕಟ್ಟಿ ಮತ್ತೆ ನೋಡಿ: ಆಗಲೂ ಸರಿದರೆ ಸ್ಟ್ಯಾಂಡಿನ ದೋಷ, ಸರಿಯದಿದ್ದರೆ ಕ್ಯಾಮೆರಾದ್ದು. ಶಟರ್ ಒತ್ತಿದಾಗ ನಡುಗಿ ನಿಂತರೆ ಎಷ್ಟು ಹೊತ್ತು ನಡುಗಿತು ಎಂದು ಎಣಿಸಿ. 1/15 ಸೆಕೆಂಡಿನಿಂದ ಒಂದು ಸೆಕೆಂಡಿನವರೆಗಿನ ವೇಗಗಳೇ ಹೆಚ್ಚು ಅಪಾಯಕಾರಿ. ಅರ್ಧ ನಿಮಿಷದ ಎಕ್ಸ್‌ಪೋಷರಿನಲ್ಲಿ ಮೊದಲ ನಡುಕ ಲೆಕ್ಕಕ್ಕೆ ಬರುವುದಿಲ್ಲ.

ಚಿಕ್ಕಮಗಳೂರಿನ ಬಳಿ ತೋಟದ ಮನೆಯೊಂದರಲ್ಲಿ ಇದೇ ಪರೀಕ್ಷೆ ಮಾಡುತ್ತಾ ಅರ್ಧ ದಿನ ಕಳೆದಿದ್ದೇನೆ. ಎಲ್ಲ ಕೀಲು ಬಿಗಿದೆ, ಸ್ಕ್ರೂ ಬದಲಿಸಿದೆ, ಆದರೂ ಚುಕ್ಕೆ ಗೋಡೆಯ ಮೇಲೆ ಅಂಗುಲದಷ್ಟು ಕುಣಿಯುತ್ತಿತ್ತು. ಕೊನೆಗೆ ಗೊತ್ತಾಯಿತು, ಅದು ಮಹಡಿಯ ಹಲಗೆ ನೆಲ. ನಾನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದಾಗಲೆಲ್ಲ ಹಲಗೆಯ ಜೊತೆ ಸ್ಟ್ಯಾಂಡೂ ಬಾಗುತ್ತಿತ್ತು. ಈಗ ಅಂಥ ಮನೆಗಳಲ್ಲಿ ಶಟರ್ ಮುಚ್ಚುವವರೆಗೆ ಎಲ್ಲರನ್ನೂ ಕೂರಿಸುತ್ತೇನೆ, ಕಾಫಿ ತರುವವರನ್ನೂ.